ಇಬ್ಬರಿಗಾಗುವಷ್ಟು ರಾಗಿ

ನಮ್ಮ ಭಾವ ಧರ್ಮಪ್ಪನಿಗೆ ಕೆಟ್ಟ ಚಟ ಒಂದೂ ಇರಲಿಲ್ಲ. ಹೆಂಡ ಮುಟ್ಟಿದವನಲ್ಲ, ಇಸ್ಪೀಟು ಹಿಡಿದವನಲ್ಲ, ಯಾರಾದರೂ ಒತ್ತಾಯಕ್ಕೆ ಬೀಡಿ ಕೊಟ್ಟರೆ ಎರಡು ದಮ್ಮಿಗೇ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ಇಂಥ ಗಂಡ ಸಿಕ್ಕಿದ್ದು ನಮ್ಮಕ್ಕ ಗಿರಿಯಮ್ಮನ ಪುಣ್ಯ ಎಂದು ನಮ್ಮವ್ವ ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಮದುವೆಯಾದ ವರ್ಷ ಅವನು ಗಾಡಿಗೆ ಕೊಬ್ಬರಿ ಹೇರಿಕೊಂಡು ಅರಸೀಕೆರೆಗೆ ಹೋದವನು ಹೇಳಿದ ದಿನಕ್ಕೆ ಹಿಂದಿರುಗದೆ ಇದ್ದಾಗ ಅದೇ ನಮ್ಮವ್ವ ಎದೆ ಬಡಿದುಕೊಂಡಳು. ಮಾರನೆಯ ದಿನ ಹೊತ್ತು ಮುಳುಗುವಾಗ ಭಾವ ಬಂದ. ಕೊಬ್ಬರಿ ಮಾರಿದ ಹಣ ಸರಿಯಾಗಿತ್ತು, ಎತ್ತುಗಳು ಸರಿಯಾಗಿದ್ದವು, ಭಾವ ಮಾತ್ರ ಸರಿಯಾಗಿರಲಿಲ್ಲ. ಗಂಟಲು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ. ಏನಾಯಿತೋ ಎಂದು ಕೇಳಿದರೆ ಕೈಕಾಲು ಆಡಿಸಿ ತೋರಿಸಿ ನಗುತ್ತಿದ್ದ. ಅರಸೀಕೆರೆಯ ರೈಲ್ವೆ ಮೈದಾನದಲ್ಲಿ ನಿಂತು ಎರಡು ದಿನ ಕಿರುಚಿದ್ದನಂತೆ.

ಆ ಮೈದಾನದಲ್ಲಿ ಆಷಾಢ ಬಂತೆಂದರೆ ಫುಟ್‌ಬಾಲ್ ಪಂದ್ಯಗಳು ನಡೆಯುತ್ತಿದ್ದವು. ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗದ ತಂಡಗಳು ರೈಲಿನಲ್ಲಿ ಬಂದಿಳಿಯುತ್ತಿದ್ದವು. ಅರಸೀಕೆರೆಯ ತಂಡವೆಂದರೆ ಲೋಕೋ ಶೆಡ್ಡಿನವರದು. ಹಗಲೆಲ್ಲ ಎಂಜಿನ್ನಿಗೆ ಕಲ್ಲಿದ್ದಲು ಎರಚುವ ಜನ ಸಂಜೆ ಬರಿಗಾಲಲ್ಲಿ ಮೈದಾನಕ್ಕೆ ಇಳಿಯುತ್ತಿದ್ದರು. ಅವರಲ್ಲಿ ಮುನಿಸ್ವಾಮಿ ಎಂಬ ಫೈರ್‌ಮನ್ ಒಬ್ಬನಿದ್ದ. ಅವನ ಎಡಗಾಲಿನ ಗುಣಗಾನ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಭಾವ ತನ್ನ ಹಟ್ಟಿಯ ಎಡಗಡೆಯ ಎತ್ತಿಗೆ ಮುನಿಸ್ವಾಮಿ ಎಂದು ಹೆಸರಿಟ್ಟ. ಒಂದು ವರ್ಷ ಪಂದ್ಯ ಮುಗಿದ ಮೇಲೆ ಮುನಿಸ್ವಾಮಿಯ ಹತ್ತಿರ ಹೋಗಿ ಅದನ್ನು ಹೇಳಿಯೂ ಬಿಟ್ಟ. ಪುಣ್ಯಾತ್ಮ ಹೊಡೆಯಲಿಲ್ಲ, ನಕ್ಕು ‘ಎತ್ತು ನನಗಿಂತ ಚೆನ್ನಾಗಿ ಓಡತೈತಾ’ ಎಂದು ಕೇಳಿದನಂತೆ. ಆ ಒಂದು ಮಾತನ್ನು ಭಾವ ಹತ್ತು ವರ್ಷ ಹೇಳಿದ.

ನನಗೆ ಆ ಆಟ ಇವತ್ತಿಗೂ ತಲೆಗೆ ಹತ್ತಿಲ್ಲ. ರಾಗಿ ಬಿತ್ತುವ ಹೊತ್ತಿನಲ್ಲಿ ಕೂರಿಗೆಯನ್ನು ಮೂಲೆಗೆ ಒರಗಿಸಿ ಗಂಡಸರು ಗಾಡಿ ಕಟ್ಟಿಕೊಂಡು ಚೆಂಡು ನೋಡಲು ಹೋಗುತ್ತಾರೆಂದರೆ ಯಾರಿಗೆ ಕೋಪ ಬರುವುದಿಲ್ಲ? ನಮ್ಮೂರು ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಪುಟ್ಟ ಊರು, ಭಾವನ ಮನೆಯೂ ಅದೇ ಊರಿನಲ್ಲಿ. ಅಲ್ಲಿ ಭಾವ ಹಚ್ಚಿದ ಕಿಚ್ಚು ಮರಿಯಣ್ಣನಿಗೆ ಹತ್ತಿತು, ಕೆಂಚಯ್ಯನಿಗೆ ಹತ್ತಿತು, ತೋಟದ ಮನೆ ಷಡಕ್ಷರಪ್ಪನಿಗೂ ಹತ್ತಿತು. ಗಾಡಿಯ ತುಂಬ ಜನವಾಗುತ್ತಿದ್ದರು. ಬೆಳಗಿನ ಜಾವ ಹೊರಟರೆ ಮಧ್ಯಾಹ್ನಕ್ಕೆ ಅರಸೀಕೆರೆ. ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿ, ಎತ್ತಿಗೆ ಹುಲ್ಲು ಹಾಕಿ, ಮೈದಾನದ ಹಗ್ಗದ ಪಕ್ಕದಲ್ಲಿ ಜಾಗ ಹಿಡಿಯುವುದು. ಆಗ ಟಿಕೆಟ್ಟು ಇರಲಿಲ್ಲ. ಯಾರೋ ಒಬ್ಬರು ಟೋಪಿ ಹಿಡಿದುಕೊಂಡು ಬಂದರೆ ಕೈಗೆ ಬಂದದ್ದು ಹಾಕಿದರಾಯಿತು.

ಆ ಖರ್ಚಿಗೆ ಭಾವ ಒಂದು ದಾರಿ ಕಂಡುಹಿಡಿದಿದ್ದ. ನಮ್ಮ ಕಡೆ ಹೆಂಗಸರು ಬೀಸುವುದಕ್ಕೆ ರಾಗಿ ಅಳೆದುಕೊಳ್ಳುವಾಗ ಒಂದು ಹಿಡಿ ತೆಗೆದು ದೇವರ ಹೆಸರಿನ ಗಡಿಗೆಗೆ ಹಾಕುವುದುಂಟು. ವರ್ಷಕ್ಕೊಮ್ಮೆ ಅದು ದೇವರ ಕೆಲಸಕ್ಕೆ ಹೋಗುತ್ತದೆ. ಭಾವ ಅಕ್ಕನ ಹತ್ತಿರ ಹೋಗಿ ಇನ್ನೊಂದು ಹಿಡಿ ಬೇಡಿದ.

“ದೇವರಿಗೊಂದು ಹಿಡಿ ಹಾಕ್ತೀಯ. ಚೆಂಡಿಗೊಂದು ಹಿಡಿ ಹಾಕಿದ್ರೆ ನಿನ್ನ ಗಂಟೇನು ಹೋಗ್ತದೆ ಕಣೇ?” ಎಂದ.

“ದೇವರು ಮಳೆ ಕೊಡ್ತಾನೆ. ನಿಮ್ಮ ಚೆಂಡು ಏನು ಕೊಡ್ತೈತೆ?” ಎಂದು ಅಕ್ಕ ಕೇಳಿದಳು.

“ಗಂಡನ್ನ ನಗ್ತಾ ಮನೆಗೆ ಕಳಿಸ್ತೈತೆ.”

ಅಕ್ಕ ಹಾಕಿದಳು. ಅವಳನ್ನು ನೋಡಿ ಮಿಕ್ಕ ಮನೆಯ ಹೆಂಗಸರೂ ಹಾಕತೊಡಗಿದರು. ಆಷಾಢದ ಹೊತ್ತಿಗೆ ಎಲ್ಲ ಮನೆಯ ಗಡಿಗೆ ಸುರಿದು ಮೂಟೆ ಕಟ್ಟಿ ಅರಸೀಕೆರೆಯಲ್ಲಿ ಮಾರಿದರೆ ಹೋದವರಿಗೆಲ್ಲ ಹೋಟೆಲಿನ ತಿಂಡಿ, ಟೋಪಿಯ ಕಾಸು, ಮನೆಗೆ ಒಂದಿಷ್ಟು ಕಡಲೆಪುರಿ ಎಲ್ಲ ಬರುತ್ತಿತ್ತು. ಬಂದ ರಾತ್ರಿ ಅರಳೀಕಟ್ಟೆಯಲ್ಲಿ ಭಾವನ ದರ್ಬಾರು. ತೆಂಗಿನ ಕರಟಗಳನ್ನು ಆಟಗಾರರ ಹಾಗೆ ಜೋಡಿಸಿ, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯಿತು, ಎಲ್ಲಿ ಲೋಕೋ ಶೆಡ್ಡಿನವರಿಗೆ ಮೋಸವಾಯಿತು ಎಂದು ಮಂಡಿಯೂರಿ ಹೇಳುತ್ತಿದ್ದ. ಲೋಕೋ ಶೆಡ್ಡಿನವರಿಗೆ ಪ್ರತಿವರ್ಷ ಮೋಸವಾಗುತ್ತಿತ್ತು. ಒಂದು ವರ್ಷವೂ ಅವರು ಕೊನೆಯ ಪಂದ್ಯಕ್ಕೆ ಬಂದವರಲ್ಲ. ಅಷ್ಟು ಸೋಲುವವರನ್ನು ಕಟ್ಟಿಕೊಂಡು ಏನು ಸುಖ ಎಂದು ನಾನು ರೇಗಿಸಿದರೆ, “ಗೆಲ್ಲೋರಿಗೆ ಎಲ್ಲರೂ ಅವ್ರೆ ಕಣ್ಲಾ ಚಿಕ್ಕಣ್ಣ. ಇವರಿಗೆ ನಾವೇಯ” ಎನ್ನುತ್ತಿದ್ದ.

ಯುದ್ಧ ಎಲ್ಲೋ ನಡೆಯುತ್ತಿತ್ತು. ನಮಗೆ ಅದು ಮೊದಲು ಗೊತ್ತಾದದ್ದು ಅಂಗಡಿಯಲ್ಲಿ. ಸೀಮೆಎಣ್ಣೆ ಸಿಗಲಿಲ್ಲ, ಸಿಕ್ಕರೆ ಮುಟ್ಟುವ ಹಾಗಿರಲಿಲ್ಲ. ಪಂಚೆ, ಸೀರೆಯ ಬೆಲೆ ಕೇಳಿ ಜನ ಹಳೆಯದಕ್ಕೇ ತೇಪೆ ಹಾಕಿಕೊಂಡರು. ಬೆಂಕಿಪೊಟ್ಟಣ ಕೊಳ್ಳುವುದು ಬಿಟ್ಟು ಪಕ್ಕದ ಮನೆಯಿಂದ ಕೆಂಡ ತರುವ ಕಾಲ ಮತ್ತೆ ಬಂತು. ನೀವು ರಾಗಿ ಬೆಳೆಯುವವರು, ಬೆಲೆ ಏರಿದರೆ ನಿಮಗೇ ಲಾಭವಲ್ಲವೇ ಎಂದು ಪೇಟೆಯವರು ಅನ್ನುತ್ತಿದ್ದರು. ಬೆಳೆದದ್ದರಲ್ಲಿ ಸರ್ಕಾರ ಲೆವಿಯೆಂದು ಗೊತ್ತುಮಾಡಿದ ದರಕ್ಕೆ ಅಳೆದುಕೊಂಡು ಹೋಗುತ್ತಿತ್ತು. ಉಳಿದದ್ದು ಹೊಟ್ಟೆಗೆ ಸರಿಹೋದರೆ ಸಾಕಾಗಿತ್ತು. ಅವರಿಗೇನು ಗೊತ್ತು, ಉಂಡವನಿಗೆ ಹಸಿದವನ ಸುದ್ದಿ ತಿಳಿಯುವುದು ಎಂದಿಗೆ?

ಚೆಂಡಿನ ಹಿಡಿ ಮೊದಲು ನಿಂತದ್ದು ಕೆಂಚಯ್ಯನ ಮನೆಯಲ್ಲಿ. ಅವನ ಮನೆಯಲ್ಲಿ ತಿನ್ನುವ ಬಾಯಿ ಹೆಚ್ಚು. ಹೆಂಡತಿ ಹಿಡಿಯನ್ನು ತಿರುಗಿ ಮೊರಕ್ಕೇ ಹಾಕಿಕೊಂಡಳು, ಯಾರೂ ಏನೂ ಅನ್ನಲಿಲ್ಲ. ಎತ್ತಿಗೆ ಹಿಂಡಿ ಹಾಕಲಾಗದೆ ಷಡಕ್ಷರಪ್ಪ ಗಾಡಿ ಕಟ್ಟುವುದು ಬಿಟ್ಟ, ಭಾವನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಸಿಗದೆ ಆಗಲೇ ಮೂಲೆ ಸೇರಿತ್ತು. ಗಾಡಿ ಹೋದ ಮೇಲೆ ಬಾಣಾವರದವರೆಗೆ ನಡೆದು ಅಲ್ಲಿಂದ ರೈಲು ಹತ್ತಬೇಕಾಯಿತು, ರೈಲಿನ ಟಿಕೆಟ್ಟೂ ಏರಿತ್ತು. ಮೈದಾನದ ಸುತ್ತ ಹಗ್ಗ ಹೋಗಿ ಸೋಗೆಯ ತಡಿಕೆ ಬಂತು, ತಡಿಕೆಗೊಂದು ಬಾಗಿಲು, ಬಾಗಿಲಲ್ಲಿ ಟಿಕೆಟ್ಟು. ಮೊದಲು ಒಂದಾಣೆ, ಆಮೇಲೆ ಎರಡಾಣೆ, ಯುದ್ಧದ ನಿಧಿಗೆಂದು ಮತ್ತೆ ಎರಡಾಣೆ. ಪಂದ್ಯ ನಡೆಸುವವರದೂ ತಪ್ಪಲ್ಲ. ಹೊರಗಿನ ತಂಡಗಳಿಗೆ ಊಟ ಹಾಕಬೇಕು, ಅಕ್ಕಿ ಎಲ್ಲಿಂದ ತರಬೇಕು? ಹೀಗೆ ಯಾರ ತಪ್ಪೂ ಅಲ್ಲದೆ ನಮ್ಮೂರಿನ ಜನ ಒಬ್ಬೊಬ್ಬರಾಗಿ ಹಿಂದೆ ಉಳಿದರು. ಕೊನೆಗೆ ಭಾವ ಮತ್ತು ಮರಿಯಣ್ಣ ಇಬ್ಬರೇ ಹೋದರು. ಅದರ ಮುಂದಿನ ವರ್ಷ ಮಗಳ ಬಾಣಂತನ ಬಂತು, ಅಕ್ಕ ಬೇಡ ಎಂದಳು, ಭಾವ ಹೋಗಲಿಲ್ಲ.

ಬೇಡ ಎಂದದ್ದಕ್ಕೆ ಅವನು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಪಂದ್ಯದ ದಿನ ಹೊಲದಲ್ಲಿ ಎತ್ತುಗಳನ್ನು ನಿಲ್ಲಿಸಿ ಮೂಡಲ ದಿಕ್ಕಿಗೆ ನೋಡುತ್ತ ನಿಂತಿದ್ದ. ನಾನು ಬದುವಿನ ಮೇಲೆ ಹೋಗುತ್ತಿದ್ದವನು “ಏನ್ ಭಾವ, ಅರಸೀಕೆರೆ ಕಾಣ್ತೈತಾ?” ಎಂದು ಕೆಣಕಿದೆ. “ಈಗ ಇಳಿದಿರ್ತಾರೆ” ಎಂದ, ಅಷ್ಟೇ. ಆ ವರ್ಷವೆಲ್ಲ ಅವನು ಅರಳೀಕಟ್ಟೆಗೆ ಬಂದು ಕೂತದ್ದು ನಾನು ಕಾಣೆ. ಕೆಲಸಕ್ಕೆ ಕೊರತೆಯಿಲ್ಲ, ಮಾತಿಗೆ ಮಾತ್ರ ಬರ. ಅಕ್ಕ ನನ್ನ ಹತ್ತಿರ, “ನಾನು ಅವರ ಬಾಯಿಗೆ ಮಣ್ಣು ಹಾಕ್ದೆ ಕಣೋ” ಎಂದು ಕಣ್ಣೊರೆಸಿಕೊಂಡಳು. “ಒಂದು ಚೆಂಡಾಟಕ್ಕೆ ಇಷ್ಟು ರಂಪವೇ? ಮಕ್ಕಳಾಟ” ಎಂದು ನಾನು ಬೈದೆ. ಆದರೂ ಹೊಲಕ್ಕೆ ಹೋಗುವಾಗ ಭಾವನ ಮುಖ ಕಾಣದ ದಾರಿ ಹಿಡಿಯುತ್ತಿದ್ದೆ.

ಮರುವರ್ಷದ ಆಷಾಢ, ನಲವತ್ತಮೂರನೆಯ ಇಸವಿ. ಶುಕ್ರವಾರದ ಜಾವಗಲ್ ಸಂತೆಯಲ್ಲಿ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯ ಸಿಕ್ಕಿ ಸುದ್ದಿ ಹೇಳಿದ. ಲೋಕೋ ಶೆಡ್ಡಿನವರು ಕೊನೆಯ ಪಂದ್ಯಕ್ಕೆ ಬಂದಿದ್ದಾರೆ. ಭಾನುವಾರ ಸಂಜೆ ಬೆಂಗಳೂರಿನವರ ಮೇಲೆ. ಮುನಿಸ್ವಾಮಿಗೆ ವಯಸ್ಸಾಗಿದೆ, ಇದೇ ಅವನ ಕೊನೆಯ ವರ್ಷವಂತೆ. ಭಾವ ಉಪ್ಪು ಕೊಳ್ಳಲು ಹೋದವನು ಉಪ್ಪು ಮರೆತು ಓಡಿಬಂದ. ಎರಡು ವರ್ಷದ ಮೇಲೆ ಅವನ ನಗು ಕಂಡೆ.

ನೇರವಾಗಿ ಮರಿಯಣ್ಣನ ಮನೆಗೆ ಹೋದ. ಮರಿಯಣ್ಣ ಜಗಲಿಯ ಮೇಲೆ ಕೂತಿದ್ದ, ಸುದ್ದಿ ಕೇಳಿ ಎದ್ದು ನಿಂತ, ಮತ್ತೆ ಕೂತ.

“ಕಾಲು ನೋವು ಕಣ್ಲಾ ಧರ್ಮ. ಅಷ್ಟು ದೂರ ನಡಿಯಾಕಾಗಲ್ಲ. ನೀನು ಹೋಗಿ ಬಂದು ಹೇಳು.”

ಅವನ ಕಾಲಿಗೆ ಏನೂ ಆಗಿರಲಿಲ್ಲ. ಅದು ಭಾವನಿಗೂ ಗೊತ್ತಿತ್ತು. ಬಡವನ ಕಾಲಿಗೆ ಬರುವ ಆ ನೋವನ್ನು ಯಾರೂ ಎತ್ತಿ ಆಡುವುದಿಲ್ಲ. ಷಡಕ್ಷರಪ್ಪನಿಗೆ ಬಿತ್ತನೆ, ಕೆಂಚಯ್ಯನನ್ನು ಕೇಳುವುದಕ್ಕೇ ಬಾಯಿ ಬರಲಿಲ್ಲ. ಶನಿವಾರ ಸಂಜೆ ಭಾವ ಮನೆಯ ಜಗಲಿಯಲ್ಲಿ ಮುಖ ಇಳಿಬಿಟ್ಟು ಕೂತ. ನಾನೂ ಅಲ್ಲೇ ಇದ್ದೆ. ಅಕ್ಕ ಒಳಗಿನಿಂದ ಒಂದು ಸಣ್ಣ ಗಂಟು ತಂದು ಅವನ ಪಕ್ಕದಲ್ಲಿಟ್ಟಳು. ಹಾಲು ಮೊಸರು ಮಾರಿ ಸೇರಿಸಿದ್ದ ಕಾಸು. ಒಬ್ಬನಿಗೆ ಬಾಗಿಲಿನ ಟಿಕೆಟ್ಟಿಗೂ ಒಂದು ಹೊತ್ತಿನ ತಿಂಡಿಗೂ ಆಗುವಷ್ಟಿತ್ತು.

“ಹೋಗಿ ಬನ್ನಿ” ಎಂದಳು.

“ನಡೆದೇ ಹೋದ್ರೆ ಇಷ್ಟರಲ್ಲೇ ಆಗ್ತೈತೆ” ಎಂದ ಭಾವ. ಗಂಟು ಮುಟ್ಟಲಿಲ್ಲ. “ಆದ್ರೆ ಒಬ್ಬನೇ ಹೋಗಿ ಏನು ಮಾಡ್ಲಿ ಗಿರಿ? ಗೋಲು ಹೊಡೆದ್ರೆ ಯಾರ ಹೆಗಲು ಹಿಡಿದು ಕುಣೀಲಿ? ಸೋತ್ರೆ ದಾರೀಲಿ ಯಾರ ಜೊತೆ ಬೈಕೊಂಡು ಬರ್ಲಿ?”

ನನ್ನನ್ನು ಕರೆಯಲಿಲ್ಲ. ಕರೆದರೆ ನಾನು ಏನೆನ್ನುತ್ತೇನೆಂದು ಅವನಿಗೆ ಗೊತ್ತಿತ್ತು. ಕಂಬ ಹಿಡಿದು ನಿಂತಿದ್ದ ಅಕ್ಕ ಗಂಟನ್ನು ತಿರುಗಿ ಕೈಗೆತ್ತಿಕೊಂಡಳು. ಆಮೇಲೆ ಹೇಳಿದಳು:

“ನಾನು ಬತ್ತೀನಿ.”

ಭಾವ ತಲೆಯೆತ್ತಿದ.

“ಹದಿನೈದು ವರ್ಷ ಹಿಡಿ ಹಿಡಿ ರಾಗಿ ಹಾಕಿದೀನಿ. ಅದು ಎಲ್ಲಿಗೋಯ್ತು ಅಂತ ನಾನೂ ಒಂದ್ಸಲ ನೋಡ್ಬೇಕು. ನಿಮ್ಮ ಹೆಗಲು ಹಿಡಿದು ಕುಣಿಯಾಕಾಗಲ್ಲ. ಪಕ್ಕದಲ್ಲಿ ನಿಂತಿರ್ತೀನಿ.”

ನಾನು ನಕ್ಕುಬಿಟ್ಟೆ. ಅಲ್ಲಿ ಹೆಂಗಸರು ಹೋಗುತ್ತಾರೇನೇ ಅಕ್ಕ ಎಂದೆ. ರೈಲ್ವೆ ಕ್ವಾರ್ಟರ್ಸಿನ ಹೆಂಗಸರು ಒಂದು ಕಡೆ ಚಾಪೆ ಹಾಸಿಕೊಂಡು ಕೂರುತ್ತಾರೆ, ನಾನೇ ಕಂಡಿದ್ದೇನೆ ಎಂದು ಭಾವ ಗದರಿಕೊಂಡ. ಅವನ ಮುಖದಲ್ಲಿ ದೀಪ ಹಚ್ಚಿದ ಹಾಗಾಗಿತ್ತು. ಮದುವೆಯ ದಿನವೂ ಅವನು ಅಷ್ಟು ಹಿಗ್ಗಿರಲಿಲ್ಲ. ಅಲ್ಲಿಯೇ ನೆಲದ ಮೇಲೆ ಗೆರೆ ಎಳೆದು, ಗೋಲೆಂದರೆ ಏನು, ಯಾರು ಎಲ್ಲಿ ನಿಲ್ಲುತ್ತಾರೆ, ಮುನಿಸ್ವಾಮಿಯನ್ನು ಗುರುತು ಹಿಡಿಯುವುದು ಹೇಗೆ ಎಂದು ಪಾಠ ಶುರುಮಾಡಿದ. ಅಕ್ಕ “ಹೂಂ, ಹೂಂ” ಎನ್ನುತ್ತ ಅವನ ಬೆರಳನ್ನು ನೋಡದೆ ಅವನ ಮುಖವನ್ನೇ ನೋಡುತ್ತಿದ್ದಳು.

ಇಬ್ಬರು ಹೋಗಬೇಕೆಂದರೆ ಲೆಕ್ಕ ಬದಲಾಯಿತು. ಅಕ್ಕ ಅರಸೀಕೆರೆಯವರೆಗೆ ನಡೆಯಲಾರಳು, ಬಾಣಾವರದಿಂದ ರೈಲೇ ಆಗಬೇಕು. ಇಬ್ಬರ ರೈಲು, ಇಬ್ಬರ ಬಾಗಿಲು. ಒಂದಿಷ್ಟು ರಾಗಿ ಹೊತ್ತುಕೊಂಡು ಹೋದರೆ ಬಾಣಾವರದಲ್ಲಿ ಯಾವ ಮನೆಯಲ್ಲಾದರೂ ಕಣ್ಣಿಗೊತ್ತಿಕೊಂಡು ಕೊಳ್ಳುತ್ತಿದ್ದರು. ಮನೆಯೊಳಗೆ ಕಾಳು ತುಂಬುವ ಮಣ್ಣಿನ ವಾಡೆಯಲ್ಲಿ ತಳ ಕಾಣುತ್ತಿತ್ತು. ಆಷಾಢದಲ್ಲಿ ಯಾರ ಮನೆಗೆ ಹೋಗಿ ಸೇರು ಕಡ ಕೇಳುವುದು? ಗೌರಿಹಬ್ಬದ ತನಕ ಮುಟ್ಟಬಾರದೆಂದು ಇಟ್ಟಿದ್ದ ರಾಗಿ ಹಿತ್ತಿಲಿನ ಹಗೇವಿನಲ್ಲಿತ್ತು.

ಹಗೇವೆಂದರೆ ಗಟ್ಟಿ ನೆಲದಲ್ಲಿ ಗಡಿಗೆಯ ಆಕಾರಕ್ಕೆ ತೋಡಿದ ಆಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಸುಗ್ಗಿಯಲ್ಲಿ ರಾಗಿ ಸುರಿದು, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಹಿಡಿಯುವುದಿಲ್ಲ. ಆದರೆ ಮುಚ್ಚಿದ ಹಗೇವಿನ ಒಳಗೆ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ. ಹಿಂದಿನ ದಿನವೇ ಚಪ್ಪಡಿ ಸರಿಸಿ ರಾತ್ರಿಯೆಲ್ಲ ತೆರೆದಿಡಬೇಕು, ಬೆಳಗ್ಗೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಕಾಯಬೇಕು. ಇದು ನಮ್ಮೂರಿನಲ್ಲಿ ಮೊಲೆ ಬಿಟ್ಟ ಮಗುವಿಗೂ ಗೊತ್ತು.

ಶನಿವಾರ ರಾತ್ರಿ ಜಡಿಮಳೆ ಹಿಡಿದಿತ್ತು. ತೆರೆದಿಟ್ಟರೆ ನೀರು ನುಗ್ಗಿ ಇದ್ದ ರಾಗಿಯೂ ಮುಗ್ಗುತ್ತದೆ. ಜೊತೆಗೆ ಕಾಲವೂ ಅಂಥದ್ದು. ಬಾಯಿ ತೆರೆದ ಹಗೇವು ಕಂಡರೆ ಹಸಿದವನು ಬಂದು ಕೈಯೊಡ್ಡುತ್ತಾನೆ, ಇಲ್ಲವೇ ಲೆವಿಯವನ ಕಿವಿಗೆ ಸುದ್ದಿ ಬೀಳುತ್ತದೆ. ಆದ್ದರಿಂದ ಅವರು ಬೆಳಿಗ್ಗೆ ಮಳೆ ನಿಂತ ಮೇಲೆಯೇ ಚಪ್ಪಡಿ ಸರಿಸಿದರು. ಅಕ್ಕ ಅಷ್ಟು ಹೊತ್ತಿಗೆ ತಲೆ ಬಾಚಿ, ಮಗಳ ಮದುವೆಯಲ್ಲಿ ಉಟ್ಟಿದ್ದ ಸೀರೆ ಉಟ್ಟು, ಬುತ್ತಿ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು. ಮಿಕ್ಕದ್ದನ್ನು ಅವಳೇ ನನಗೆ ಹೇಳಿದ್ದು.

“ಸ್ವಲ್ಪ ತಡೀರಿ, ದೀಪ ತತ್ತೀನಿ” ಎಂದಳಂತೆ.

“ಬ್ಯಾಡ ಕಣೇ. ಎರಡು ಮೊರ ತುಂಬಿಸಿ ಮೇಲೆ ಬರಾಕೆ ಎಷ್ಟೊತ್ತು? ಉಸಿರು ಕಟ್ಟಿ ಇಳಿದು ಬತ್ತೀನಿ. ಬಾಣಾವರದ ರೈಲು ನಮಗೆ ಕಾಯ್ತದಾ?”

ದೀಪ ಇಳಿಸಿದರೆ ಆರುತ್ತದೆಂದು ಭಾವನಿಗೆ ಗೊತ್ತಿತ್ತು. ಅದಕ್ಕೇ ಇಳಿಸಲಿಲ್ಲ ಎಂದು ನನಗನ್ನಿಸುತ್ತದೆ. ಆರಿದ ದೀಪ ಕಣ್ಣಾರೆ ಕಂಡ ಮೇಲೆ ಅಕ್ಕ ಅವನನ್ನು ಇಳಿಯಗೊಡುತ್ತಿರಲಿಲ್ಲ. ಕಾಯಬೇಕಾಗುತ್ತಿತ್ತು, ಕಾದರೆ ರೈಲು ಹೋಗುತ್ತಿತ್ತು. ಇಪ್ಪತ್ತು ವರ್ಷ ಸೋತ ತಂಡ ಕೊನೆಗೂ ಗೆಲ್ಲಬಹುದಾದ ದಿನ, ಯಾವತ್ತೂ ಬಾರದ ಹೆಂಡತಿ ಪಕ್ಕದಲ್ಲಿ ನಿಲ್ಲುತ್ತೇನೆಂದ ದಿನ. ಅಂಥ ದಿನ ಮನುಷ್ಯ ತನಗೆ ಬೇಡದ ಉತ್ತರ ಬರುವ ಪ್ರಶ್ನೆ ಕೇಳುವುದಿಲ್ಲ. ಹುಚ್ಚ. ನೆನೆದರೆ ಇವತ್ತಿಗೂ ಅವನ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸುತ್ತದೆ.

ಸೊಂಟಕ್ಕೆ ಹಗ್ಗವನ್ನೂ ಕಟ್ಟಿಕೊಳ್ಳದೆ ಇಳಿದ. ಅಕ್ಕ ಮೇಲಿನಿಂದ ಹಗ್ಗ ಕಟ್ಟಿದ ಪುಟ್ಟಿಯನ್ನು ಇಳಿಬಿಟ್ಟು ಕಾದಳು. ಒಳಗೆ ಮೊರ ಕೆರೆಯುವ ಸದ್ದು ಕೇಳಿಸಿತು. ಪುಟ್ಟಿ ಅರ್ಧ ಭಾರವಾಯಿತು. ಆಮೇಲೆ ಸದ್ದಿಲ್ಲ. “ಎಳೀಲಾ?” ಎಂದಳು. ಉತ್ತರವಿಲ್ಲ. ಅವಳನ್ನು ಅಣಕಿಸಲು ಸುಮ್ಮನಿದ್ದಾನೆಂದುಕೊಂಡು “ಸಾಕು ಬನ್ನಿ, ಹೊತ್ತಾಯ್ತು” ಎಂದು ಗದರಿದಳಂತೆ.

ಅವಳ ಕೂಗು ಕೇಳಿ ನಾನು ಓಡಿಹೋದಾಗ ಅವಳು ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟು ಕೂತಿದ್ದಳು, ಇಳಿಯಲು. ನಾನು ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದೆ. ಹೂ ಮುಡಿದಿದ್ದಳು, ಅದು ನನ್ನ ಕೈಗೆ ಬಂತು. ಜನ ಸೇರಿದರು. ಒಬ್ಬರು ಹೊಂಗೆಯ ಸೊಪ್ಪು ಕಡಿದು ತಂದು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದರು. ಯಾರೋ ದೀಪ ಇಳಿಬಿಟ್ಟರು. ತೋಳುದ್ದ ಇಳಿಯುವುದರೊಳಗೆ ಆರಿತು. ಮತ್ತೆ ಸೊಪ್ಪು ಆಡಿಸಿದರು, ಮತ್ತೆ ದೀಪ, ಮತ್ತೆ ಆರಿತು. ಭಾವನ ಬೆನ್ನು ಕೆಳಗೆ ಮಸುಕಾಗಿ ಕಾಣುತ್ತಿತ್ತು, ಅವನು ಮಂಡಿಯೂರಿ ರಾಗಿಯ ಮೇಲೆ ಬೋರಲು ಬಿದ್ದಿದ್ದ. ನೋಡುತ್ತ ನಿಲ್ಲುವುದಕ್ಕಿಂತ ಕೆಟ್ಟ ಶಿಕ್ಷೆ ಇನ್ನೊಂದಿಲ್ಲ.

ಮರಿಯಣ್ಣ ಓಡಿಬಂದ. ಕಾಲು ನೋವೆಂದವನು ಊರಿನ ಆ ತುದಿಯಿಂದ ಎಲ್ಲರಿಗಿಂತ ಜೋರಾಗಿ ಓಡಿಬಂದ. ಹಿರಿಯರು ಬೇಡವೆಂದರೂ ಕೇಳದೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಒದ್ದೆ ಟವಲು ಮುಖಕ್ಕೆ ಸುತ್ತಿ ಇಳಿದ. ಭಾವನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿ ಕೂಗುವಷ್ಟರಲ್ಲಿ ಅವನೇ ವಾಲಿದ. ಇಬ್ಬರನ್ನೂ ಎಳೆದೆವು. ಮರಿಯಣ್ಣ ಹಿತ್ತಿಲಿನ ಮಣ್ಣಿನಲ್ಲಿ ಬಿದ್ದು ವಾಂತಿ ಮಾಡಿಕೊಂಡು ಉಸಿರಾಡಿದ. ಭಾವ ಉಸಿರಾಡಲಿಲ್ಲ. ಅವನ ಮುಷ್ಟಿ ಬಿಗಿದಿತ್ತು, ಬಿಡಿಸಿದಾಗ ರಾಗಿ ಉದುರಿತು.

ಬೇಲೂರಿಗೆ ಹೋಗಿ ಡಾಕ್ಟರನ್ನು ಕರೆತನ್ನಿ ಎಂದು ಯಾರೋ ಅಂದರು. ಬೇಲೂರೆಲ್ಲಿ, ಬಸ್ಸೆಲ್ಲಿ? ಕರೆತಂದರೂ ಅವರು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಸಂಜೆ ಭಾವನನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು. ಮಣ್ಣು ಎಳೆಯುವಾಗ ಮರಿಯಣ್ಣ ತಟ್ಟನೆ ನಿಂತು ಮೂಡಲಿಗೆ ತಿರುಗಿದ. “ಈಗ ಇಳಿದಿರ್ತಾರೆ” ಎಂದು ಗುದ್ದಲಿ ಬಿಟ್ಟು ಕೂತು ಗೊಳೋ ಎಂದು ಅತ್ತ. “ನಾನು ಬತ್ತೀನಿ ಅಂದಿದ್ರೆ ಇಬ್ಬರೂ ನಡೆದು ಹೋಗ್ತಿದ್ದೋ. ಸುಳ್ಳು ಹೇಳ್ದೆ ಕಣೋ ಧರ್ಮ, ನನ್ನ ಕೈಲಿ ಕಾಸಿರ್ಲಿಲ್ಲ” ಎಂದ. ಬದುಕಿದ್ದಾಗ ಆ ಮಾತು ಹೇಳಲು ಗೆಳೆಯರಿಬ್ಬರಿಗೂ ನಾಚಿಕೆ ಅಡ್ಡ ಬಂದಿತ್ತು. ನನಗೂ ದುಃಖ ತಡೆಯಲಾಗಲಿಲ್ಲ.

ಲೋಕೋ ಶೆಡ್ಡಿನವರು ಸೋತರು. ಅದನ್ನು ಗಂಗಾಧರಯ್ಯ ನನಗೆ ಹೇಳಿದ್ದು ತಿಥಿಯೆಲ್ಲ ಮುಗಿದ ಮೇಲೆ. ಮುನಿಸ್ವಾಮಿ ಹೊಡೆದ ಒಂದು ಚೆಂಡು ಕಂಬಕ್ಕೆ ಬಡಿದು ವಾಪಸು ಬಂತಂತೆ. ನಾನು ಮನೆಯಲ್ಲಿ ಹೇಳಲಿಲ್ಲ. ಅಕ್ಕನೂ ಕೇಳಲಿಲ್ಲ.

ತಿಥಿಗೆ ಬಂದ ನೆಂಟರೆಲ್ಲ ಚೆಂಡಾಟಕ್ಕೆ ಶಾಪ ಹಾಕಿದರು. ನಮ್ಮ ದೊಡ್ಡಮ್ಮ ಮಹದೇವಮ್ಮ, “ಹಾಳಾದ ಆಟ, ಹೆಂಡಕ್ಕಿಂತ ಕಡೆಯಾಯ್ತಲ್ಲೇ, ನಿನ್ನ ಕುಂಕುಮ ಅಳಿಸ್ತಲ್ಲೇ” ಎಂದು ಅಕ್ಕನನ್ನು ತಬ್ಬಿಕೊಂಡು ರಾಗ ಎಳೆದಳು. ನಾನೂ ದನಿಗೂಡಿಸಿದೆ. ಹದಿನೈದು ವರ್ಷ ಬಾಯಿಗೆ ಬಂದ ಹಾಗೆ ಹಳಿದಿದ್ದವನಿಗೆ ಅದು ಸುಲಭವಾಗಿತ್ತು. ಅಕ್ಕ ಮಾತ್ರ ಬಂದವರಿಗೆ ಎಲೆ ಹಾಕುವುದರಲ್ಲಿ, ನೀರು ಕೊಡುವುದರಲ್ಲಿ ಇದ್ದಳು.

ಹಗೇವಿನಲ್ಲಿ ಉಳಿದ ರಾಗಿಯನ್ನು ಅಕ್ಕನ ಮನೆಯವರು ತಿನ್ನಲಿಲ್ಲವೇ ಎಂದು ನೀವು ಕೇಳಬಹುದು. ತಿಂದರು. ಆ ವರ್ಷ ರಾಗಿ ಎಸೆಯುವ ಶಕ್ತಿ ಯಾರಿಗಿತ್ತು? ತಿಥಿಯ ಊಟಕ್ಕೂ ಅದೇ ರಾಗಿ ಹೋಯಿತು. ಬೆಲೆಯೇರಿದ ಕಾಲದಲ್ಲಿ ದುಃಖ ಪಡುವುದಕ್ಕೂ ಮನುಷ್ಯನಿಗೆ ಅನುಕೂಲ ಇರುವುದಿಲ್ಲ.

ಯುದ್ಧ ಮುಗಿಯಿತು. ಬೆಲೆಗಳು ಇಳಿಯಲಿಲ್ಲ, ನಾವು ಒಗ್ಗಿಕೊಂಡೆವು. ಒಂದು ಆಷಾಢದಲ್ಲಿ ನನ್ನ ಕೈಯಲ್ಲಿ ಕೊಬ್ಬರಿಯ ಹಣ ಒಂದಿಷ್ಟು ಓಡಾಡುತ್ತಿತ್ತು. ಅರಸೀಕೆರೆಯಲ್ಲಿ ಪಂದ್ಯವಿದೆ ಎಂದು ಕೇಳಿದೆ. ಏನೆನ್ನಿಸಿತೋ, ಅಕ್ಕನ ಮನೆಗೆ ಹೋದೆ. ಅವಳು ಒಬ್ಬಳೇ ರಾಗಿ ಬೀಸುತ್ತ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

“ಅಕ್ಕ, ನಾಳೆ ಅರಸೀಕೆರೆಗೆ ಹೋಗಾಣ ಬಾ. ಬಸ್ಸಿನಾಗೆ ಕರ್ಕೊಂಡು ಹೋಯ್ತೀನಿ. ಭಾವ ತೋರಿಸ್ತೀನಿ ಅಂದಿದ್ದ ಆಟ ನೋಡ್ಕೊಂಡು ಬರಾಣ. ನಂಗೂ ಗೊತ್ತಿಲ್ಲ, ಇಬ್ಬರೂ ಒಟ್ಟಿಗೆ ನೋಡಾಣ.”

ಬೀಸುಕಲ್ಲು ನಿಂತಿತು. ಅವಳು ನನ್ನನ್ನು ನೋಡಿದ ರೀತಿಗೆ, ಈ ಮಾತು ಎತ್ತಬಾರದಿತ್ತೆಂದು ಆ ಕ್ಷಣವೇ ತಿಳಿಯಿತು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಸಹಿಸುತ್ತಿದ್ದೆ.

“ನೀವೆಲ್ಲ ಚೆಂಡಾಟಕ್ಕೆ ಬೈತೀರ” ಎಂದಳು. “ಅದು ಏನು ಮಾಡ್ತು ಪಾಪ? ಒಬ್ಬರಿಗೆ ಆಗೋಷ್ಟು ಕಾಸಿತ್ತು ಕಣೋ ಚಿಕ್ಕಣ್ಣ. ಗಂಟು ಕಟ್ಟಿ ಪಕ್ಕದಲ್ಲೇ ಇಟ್ಟಿದ್ದೆ. ಬೆಳಿಗ್ಗೆ ಎದ್ದು ನಡ್ಕೊಂಡು ಹೋಗಿ, ಸೋತು, ಬೈಕೊಂಡು ಮನೆಗೆ ಬರೋರು. ನಾನೂ ಬತ್ತೀನಿ ಅಂದ್ನಲ್ಲ.”

ಅಕ್ಕ, ನೀನು ಪ್ರೀತಿಗೆ ಅಂದದ್ದು ಎಂದು ಹೇಳಲು ಹೋದೆ.

“ಹೂಂ. ಅವರೂ ಪ್ರೀತಿಗೇ ಇಳಿದಿದ್ದು” ಎಂದಳು.

ನಾನು ಅವಳ ಎದುರಿಗೆ ಕೂತೆ. ಆಮೇಲೆ ಬೀಸುಕಲ್ಲಿನ ಗೂಟದ ಇನ್ನೊಂದು ಬದಿ ಹಿಡಿದೆ, ಇಬ್ಬರೂ ಸೇರಿ ಉಳಿದ ರಾಗಿ ಬೀಸಿ ಮುಗಿಸಿದೆವು.